ನೂರ ಮೂವತ್ತು ಜೊತೆ ಬಟ್ಟೆ

ಗುಂಡಿಗೆ ಕಾಜಾ ಹೊಲಿಯುವುದರಲ್ಲಿ ಎತ್ತಿದ ಕೈಯಾದ್ದರಿಂದ ಅವಳು ಎಲ್ಲರಿಗೂ ಕಾಜಕ್ಕ. ನಾಲ್ಕು ಜನರ ಎದುರಿಗೆ ಗಂಡನೂ ಹಾಗೇ ಕರೆಯುತ್ತಿದ್ದ. ಡ್ರೈಕ್ಲೀನಿಂಗ್ ಅಂಗಡಿಯ ಹಿಂಭಾಗದಲ್ಲಿ, ನೇತುಹಾಕಿದ ಕೋಟುಗಳ ಸಾಲು ಮುಗಿಯುವ ಕಡೆ, ಅವಳ ಹೊಲಿಗೆ ಯಂತ್ರ. ಅಲ್ಲಿ ಕೂತು ಇಪ್ಪತ್ತು ವರ್ಷದಿಂದ ಊರವರ ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತ, ಸೊಂಟ ಹಿಗ್ಗಿಸುತ್ತ ಬಂದಿದ್ದಾಳೆ. ಯಾರ ಸಂಸಾರ ಹೇಗೆ ಸಾಗುತ್ತಿದೆ ಎಂಬುದು ಅವರ ಸೊಂಟ ನೋಡಿದರೇ ತಿಳಿಯುತ್ತದೆ ಎಂದು ಅವಳ ನಂಬಿಕೆ. ತಿಳಿದದ್ದನ್ನು ಅವರ ಮುಖಕ್ಕೇ ಹೇಳುವ ಚಾಳಿಯೂ ಇತ್ತು. ಆದ್ದರಿಂದ ಕೆಲವು ಗಿರಾಕಿಗಳು ಅವಳು ಊಟಕ್ಕೆ ಎದ್ದ ಹೊತ್ತು ನೋಡಿಕೊಂಡು ಬಂದು ಬಟ್ಟೆ ಬಿಟ್ಟುಹೋಗುತ್ತಿದ್ದರು.

ಅವಳ ಕಸುಬಿನ ಮೊದಲ ಪಾಠವೆಂದರೆ ಒಳಗೆ ಬಟ್ಟೆ ಬಿಡುವುದು. ಮನುಷ್ಯ ಇವತ್ತಿದ್ದ ಹಾಗೆ ನಾಳೆ ಇರುವುದಿಲ್ಲ. ಹೊಲಿಗೆಯ ಒಳಬದಿಗೆ ಎರಡು ಬೆರಳು ಹೆಚ್ಚು ಬಿಟ್ಟರೆ, ಬೇಕಾದಾಗ ಬಿಚ್ಚಿ ಹಿಗ್ಗಿಸಬಹುದು. ಈ ಪಾಠವನ್ನು ಅವಳು ಒಬ್ಬನ ವಿಷಯದಲ್ಲಿ ಮಾತ್ರ ಪಾಲಿಸಲಿಲ್ಲ. ಆ ಒಬ್ಬ ಕೃಷ್ಣ.

ಅಂಗಡಿಯಿಂದ ಎರಡು ಬೀದಿ ಆಚೆ, ಪೇಂಟು-ಮೊಳೆ ಮಾರುವವನ ಮಳಿಗೆಯ ಮೇಲೆ, ಹಿಂದೆ ಯಾವುದೋ ವಿಮೆ ಕಚೇರಿಯಾಗಿದ್ದ ಉದ್ದನೆಯ ಕೋಣೆಯೇ ದೇವಸ್ಥಾನ. ಒಂದು ತುದಿಗೆ ಮರದ ಬಾಗಿಲಿಟ್ಟು ಗರ್ಭಗುಡಿ ಮಾಡಿದ್ದರು. ಒಳಗೆ ಎರಡಡಿ ಎತ್ತರದ ಕೃಷ್ಣ. ಕಚೇರಿಯವರು ಬಿಟ್ಟುಹೋದ ಕಬ್ಬಿಣದ ಬೀರುಗಳಲ್ಲೇ ದೇವರ ಸಾಮಾನೂ ಇರುತ್ತಿತ್ತು. ಒಂದು ಬೀರುವಿನ ಮೇಲೆ 'ಹಳೆಯ ಕಡತಗಳು' ಎಂಬ ಚೀಟಿ ಹಾಗೇ ಉಳಿದಿತ್ತು. ಅದನ್ನು ಕಿತ್ತುಹಾಕಬೇಕೆಂದು ಯಾರಿಗೂ ತೋಚಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಒಂದು ಭಾನುವಾರ ಕಾಜಕ್ಕ ಅಲ್ಲಿನ ಅರ್ಚಕರ ಮುಂದೆ ಹೋಗಿ ನಿಂತಳು.

"ಸ್ವಾಮಿ, ನನಗೆ ಹಾಡೋಕೆ ಬರಲ್ಲ, ಮಂತ್ರ ಬರಲ್ಲ. ಕೂತು ಧ್ಯಾನ ಮಾಡೋಣ ಅಂದ್ರೆ ನಿದ್ದೆ ಬರುತ್ತೆ. ಬರೋದು ಹೊಲಿಗೆ ಒಂದೇ. ಅವನಿಗೆ ತಿಂಗಳಿಗೊಂದು ಜೊತೆ ಬಟ್ಟೆ ಹೊಲಿದು ಕೊಡ್ಲಾ?"

ಅರ್ಚಕರು ಒಪ್ಪಿದರು. ಆದರೆ ವಿಗ್ರಹವನ್ನು ಪೂಜೆ ಮಾಡುವವರಲ್ಲದೆ ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಹಾಗಾಗಿ ಮರುದಿನ ಬೆಳಿಗ್ಗೆ ಕೃಷ್ಣನಿಗೆ ಸ್ನಾನ ಮಾಡಿಸುವಾಗ ಅವರೇ ಒಂದು ದಾರದಿಂದ ಎದೆ, ಸೊಂಟ, ತೋಳು, ಎತ್ತರ ಎಲ್ಲ ಅಳೆದು, ಒಂದೊಂದಕ್ಕೂ ಗಂಟು ಹಾಕಿ ಕೊಟ್ಟರು. ಆ ದಾರದಿಂದ ಅವಳು ಕಾಗದದ ಅಚ್ಚು ಕತ್ತರಿಸಿಕೊಂಡಳು. ಒಂದು ಜೊತೆ ಎಂದರೆ ಮೇಲೊಂದು ಅಂಗಿ, ಕೆಳಗೆ ನೆರಿಗೆಯ ಉಡುಗೆ. ಯಂತ್ರ ಮುಟ್ಟಿಸದೆ, ಪೂರಾ ಕೈಹೊಲಿಗೆ. ಒಳಗೆ ಒಂದು ನೂಲಿನಷ್ಟೂ ಹೆಚ್ಚು ಬಟ್ಟೆ ಬಿಡಲಿಲ್ಲ.

"ಬಿಡೋದು ಯಾಕೆ? ದೇವರೇನು ದಪ್ಪ ಆಗ್ತಾನಾ?" ಎಂದು ಗಂಡನನ್ನು ಕೇಳಿದ್ದಳು.

ಗಂಡ ಬೀಗದ ಕೈ ಮಾಡಿಕೊಡುವವನು. ಅಳತೆಯ ವಿಷಯದಲ್ಲಿ ಅವನಿಗೂ ಒಂದಿಷ್ಟು ಹಟವಿತ್ತು. ಸರಿಯಾದ ಮಾತು ಎಂದು ತಲೆಯಾಡಿಸಿದ್ದ.

ಹೀಗೆ ಶುರುವಾದದ್ದು ನಿಲ್ಲಲಿಲ್ಲ. ತಿಂಗಳ ಕೊನೆಯ ವಾರ ಬಂತೆಂದರೆ ಕಾಜಕ್ಕ ಬೆಳಿಗ್ಗೆ ಒಂದು ಗಂಟೆ ಮುಂಚೆ ಎದ್ದು ಕಿಟಕಿಯ ಪಕ್ಕ ಕೂರುತ್ತಿದ್ದಳು. ಆ ಒಂದು ಗಂಟೆ ಅವಳನ್ನು ಯಾರೂ ಮಾತಾಡಿಸುವ ಹಾಗಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿದರೆ ಗಂಡನೇ ಓಡಬೇಕು. ಹೊಲಿದು ಮುಗಿದ ಮೇಲೆ, ನೆರಿಗೆ ಕೆದರದ ಹಾಗೆ ಅಡ್ಡಕ್ಕೆ ಒಂದು ಕಚ್ಚಾ ಹೊಲಿಗೆ ಹಾಕುತ್ತಿದ್ದಳು. ಯಾವಾಗಲೂ ಬಿಳಿ ಬಟ್ಟೆಗೆ ಕೆಂಪು ದಾರ, ಕೆಂಪು ಬಟ್ಟೆಗೆ ಬಿಳಿ ದಾರ. ದೇವರಿಗೆ ಉಡಿಸುವಾಗ ಅರ್ಚಕರು ಅದನ್ನು ಕಂಡು ಕತ್ತರಿಸಿ ಎಳೆದುಹಾಕಲಿ ಎಂದು.

ಒಂದನೇ ತಾರೀಖು ಅಂಗಡಿಗೆ ಹೋಗುವ ದಾರಿಯಲ್ಲಿ ಮೆಟ್ಟಿಲು ಹತ್ತಿ ಕೊಟ್ಟುಬರುತ್ತಿದ್ದಳು. ಆ ಹೊತ್ತಿಗೆ ಗರ್ಭಗುಡಿಯ ಬಾಗಿಲು ಹಾಕಿರುತ್ತಿತ್ತು. ಅವಳಿಗೆ ಕೃಷ್ಣನನ್ನು ನೋಡಲು ಬಿಡುವಾಗುತ್ತಿದ್ದುದು ಭಾನುವಾರ ಮಾತ್ರ, ಅವತ್ತು ಅವನು ದೊಡ್ಡ ದಾನಿಗಳು ಕೊಟ್ಟ ಜರಿಯ ಉಡುಪಿನಲ್ಲಿರುತ್ತಿದ್ದ.

"ನಿಮ್ಮದು ವಾರದ ದಿನಕ್ಕೆ ಅಮ್ಮ" ಎಂದಿದ್ದರು ಅರ್ಚಕರು.

ಅದರಿಂದ ಅವಳಿಗೆ ಬೇಜಾರಾಗಲಿಲ್ಲ, ಒಳಗೊಳಗೇ ಹೆಮ್ಮೆಯಾಯಿತು. "ಜರಿ ಬಟ್ಟೆ ಯಾರು ಬೇಕಾದ್ರೂ ಕೊಡ್ತಾರೆ ಕಣ್ರೀ. ಮನೇಲಿ ಉಟ್ಕೊಳ್ಳೋ ಬಟ್ಟೆ ನೋಡ್ಕೊಳ್ಳೋರು ಮನೆಯವರೇ" ಎಂದು ಗಂಡನ ಹತ್ತಿರ ಹೇಳಿಕೊಂಡಳು. ತಾನು ಅವನ ಮನೆಯವಳು ಎಂಬ ಈ ಒಂದು ಲೆಕ್ಕ ಅವಳ ತಲೆಯಲ್ಲಿ ಭದ್ರವಾಗಿ ಕೂತುಬಿಟ್ಟಿತು. ಅತ್ತೆ ತೀರಿಕೊಂಡ ತಿಂಗಳು, ಕಣ್ಣಿನ ಆಪರೇಷನ್ ಆದ ತಿಂಗಳು, ಇವೆರಡು ಬಿಟ್ಟರೆ ಹನ್ನೊಂದು ವರ್ಷದಲ್ಲಿ ಒಂದು ತಿಂಗಳೂ ತಪ್ಪಿಸಲಿಲ್ಲ.

ಈ ವರ್ಷ ಆ ಅರ್ಚಕರಿಗೆ ಮಂಡಿನೋವು ಹೆಚ್ಚಾಗಿ ಮೆಟ್ಟಿಲು ಹತ್ತುವುದೇ ಕಷ್ಟವಾಯಿತು. ಅವರು ಕೆಲಸ ಬಿಟ್ಟರು. ಬಂದ ಹೊಸ ಅರ್ಚಕರು ನಲವತ್ತರ ಆಸುಪಾಸಿನವರು, ಕಟ್ಟುನಿಟ್ಟಿನ ಮನುಷ್ಯ. ಬಂದ ಮೂರನೇ ದಿನವೇ ಬೀರುಗಳನ್ನೆಲ್ಲ ತೆಗೆಸಿ ಯಾವುದು ಬೇಕು ಯಾವುದು ಬೇಡ ಎಂದು ಪಟ್ಟಿ ಮಾಡಲು ಕೂತರು. ಆ ವಾರದಲ್ಲೇ ಡ್ರೈಕ್ಲೀನಿಂಗ್ ಅಂಗಡಿಗೆ ಅವರಿಂದ ಫೋನ್ ಬಂತು. ಹೊಸಬರು ಅಳತೆಯ ವಿಷಯ ಕೇಳಲು ಕರೆದಿರಬೇಕು ಎಂದುಕೊಂಡು ಕಾಜಕ್ಕ ಅಚ್ಚಿನ ಕಾಗದ ಚೀಲದಲ್ಲಿಟ್ಟುಕೊಂಡೇ ಹೋದಳು.

'ಹಳೆಯ ಕಡತಗಳು' ಬೀರುವಿನ ಕೆಳಗಿನ ಎರಡು ಅರೆಗಳಲ್ಲಿದ್ದದ್ದನ್ನು ಅರ್ಚಕರು ಜಮಖಾನದ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದರು. ಎಲ್ಲ ಪುಟ್ಟ ಪುಟ್ಟ ಬಟ್ಟೆ. ಅವಳಿಗೆ ಗುರುತು ಹತ್ತಲು ಒಂದು ಕ್ಷಣ ಕೂಡ ಬೇಕಾಗಲಿಲ್ಲ.

"ಇವು ಯಾವ ವಿಗ್ರಹಕ್ಕೆ ಹೊಲಿದದ್ದಮ್ಮ?" ಎಂದರು ಅರ್ಚಕರು. "ಹೊಲಿಗೆ ಬಹಳ ಚೆನ್ನಾಗಿದೆ. ಆದ್ರೆ ನಮ್ಮ ಕೃಷ್ಣನಿಗೆ ಆಗಲ್ಲ."

"ಆಗದೆ ಏನು? ಅಳತೆ ತಗೊಂಡೇ ಹೊಲಿದದ್ದು. ಹನ್ನೊಂದು ವರ್ಷದಿಂದ ಉಡ್ತಿದಾನಲ್ಲ."

ಅರ್ಚಕರು ಕೆಟ್ಟವರಲ್ಲ. ತಾನು ಏನು ಹೇಳುತ್ತಿದ್ದೇನೆಂದು ಅವರಿಗೆ ತಿಳಿದಿರಲಿಲ್ಲ, ಅಷ್ಟೆ. ಒಂದು ಅಂಗಿ ಎತ್ತಿಕೊಂಡು ವಿವರಿಸಿದರು. ಕೃಷ್ಣನಿಗೆ ಬೆಳ್ಳಿಯ ಕವಚವಿದೆ. ಅದನ್ನು ಹಿಂದಿನಿಂದ ಸ್ಕ್ರೂ ಹಾಕಿ ಕೂರಿಸಿದ್ದಾರೆ, ವರ್ಷಕ್ಕೊಮ್ಮೆ ತೊಳೆಯಲು ಬಿಚ್ಚುವುದು ಬಿಟ್ಟರೆ ತೆಗೆಯುವುದೇ ಇಲ್ಲ. ಬಟ್ಟೆ ಅದರ ಮೇಲೆ ಬರಬೇಕು. ಈ ಅಂಗಿಗಳು ಸುತ್ತಳತೆಯಲ್ಲಿ ನಾಲ್ಕು ಬೆರಳು ಕಡಿಮೆ.

ಕವಚದ ವಿಷಯ ಕಾಜಕ್ಕನಿಗೂ ಗೊತ್ತಿತ್ತು. ಅವಳು ಮೊದಲ ಜೊತೆ ಹೊಲಿಯುತ್ತಿದ್ದಾಗಲೇ ಯಾರೋ ದಾನಿಗಳು ಮಾಡಿಸಿಕೊಟ್ಟದ್ದು. ವಿಶೇಷ ದಿನಗಳಲ್ಲಿ ಮಾತ್ರ ತೊಡಿಸುತ್ತಾರೆ, ಉಳಿದ ದಿನ ತನ್ನ ಬಟ್ಟೆ ಮೈಗೆ ತಾಗಿಕೊಂಡೇ ಇರುತ್ತದೆ ಎಂದು ಅವಳು ತಿಳಿದಿದ್ದಳು. ಅವಳು ಬಗ್ಗಿ ಒಂದು ಜೊತೆ ಎತ್ತಿಕೊಂಡಳು. ಬಿಳಿ ಬಟ್ಟೆ, ನೆರಿಗೆಗೆ ಅಡ್ಡಲಾಗಿ ಕೆಂಪು ದಾರ ಹಾಗೇ ಇತ್ತು. ಅದರ ಪಕ್ಕದ್ದರಲ್ಲೂ ಇತ್ತು. ಕೆಂಪಿನದರಲ್ಲಿ ಬಿಳಿ ದಾರ ಇತ್ತು. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಅವಳು ಹಾಕಿದ ಒಂದೇ ಒಂದು ಕಚ್ಚಾ ಹೊಲಿಗೆಯನ್ನೂ ಯಾರೂ ಕತ್ತರಿಸಿರಲಿಲ್ಲ.

"ನೂರ ಮೂವತ್ತು ಜೊತೆ ಇವೆ" ಎಂದರು ಅರ್ಚಕರು. "ಏನಾದ್ರೂ ಬಿಚ್ಚಿ ದೊಡ್ಡದು ಮಾಡೋಕಾಗುತ್ತಾ?"

"ಇಲ್ಲ ಸ್ವಾಮಿ. ಒಳಗೆ ಬಟ್ಟೆ ಬಿಟ್ಟಿಲ್ಲ."

ಅಷ್ಟು ಹೇಳಿ, ಅಂಗಡಿಯ ಮಾಲೀಕರಿಂದ ಎರಡು ದೊಡ್ಡ ಚೀಲ ತರುತ್ತೇನೆಂದು ಕೆಳಗಿಳಿದಳು. ಸಂಜೆ ಎರಡೂ ಕೈಯಲ್ಲಿ ಒಂದೊಂದು ಚೀಲ ಹಿಡಿದು ಮನೆಗೆ ಬಂದಳು.

ಗಂಡ ಏನೆಂದು ಕೇಳಿದ. ಹೇಳಿದಳು. ಅವನು ಚೀಲದೊಳಗೆ ಇಣುಕಿ, "ಬಾಗಿಲೇ ಬೇರೆ, ಬೀಗದ ಕೈಯೇ ಬೇರೆ ಆಯ್ತಲ್ಲೇ" ಎಂದ. ನಗಿಸಲು ಅಂದದ್ದು. ಅವಳು ನಗದಿದ್ದುದನ್ನು ಕಂಡು ಹೋಗಿ ಕಾಫಿಗೆ ನೀರಿಟ್ಟ.

ಬಟ್ಟೆ ದಂಡವಾಯಿತೆಂದು ಅವಳಿಗೆ ದುಃಖವಿರಲಿಲ್ಲ. ಅಂಗಡಿಯಲ್ಲಿ ದಿನಾ ಎಷ್ಟೋ ದಂಡವಾಗುತ್ತದೆ. ತಾನು ಮೋಸಹೋದೆ ಎಂಬ ಸಿಟ್ಟು ಇತ್ತು, ಅದೂ ಎರಡು ದಿನಕ್ಕೆ ಇಳಿಯಿತು. ಇಳಿಯದೆ ಉಳಿದದ್ದು ಒಂದೇ ಪ್ರಶ್ನೆ. ಹನ್ನೊಂದು ವರ್ಷ ತಾನು ಮಾಡಿದ್ದರಲ್ಲಿ ಒಂದು ಎಳೆಯಾದರೂ ಕೃಷ್ಣನಿಗೆ ಮುಟ್ಟಿತೋ ಇಲ್ಲವೋ? ಮುಟ್ಟಲಿಲ್ಲ ಎಂದಾದರೆ, ಅಷ್ಟೂ ಬೆಳಗು ಕಿಟಕಿಯ ಪಕ್ಕ ಕೂತವಳು ಯಾರು, ಏನು ಮಾಡುತ್ತಿದ್ದಳು? ಹಾಡು ಬಾರದ, ಮಂತ್ರ ಬಾರದ ಅವಳ ಕೈಯಲ್ಲಿ ಇದ್ದದ್ದು ಅದೊಂದೇ. ಅದೂ ಇಲ್ಲವೆಂದರೆ ಅವನ ಮುಂದೆ ಹೋಗಿ ನಿಲ್ಲಲು ಅವಳಿಗೆ ಮುಖವೇ ಇರಲಿಲ್ಲ. ಆ ಭಾನುವಾರ ಅವಳು ಹೋಗಲಿಲ್ಲ.

ಮುಂದಿನ ವಾರ ಒಂದು ನಿರ್ಧಾರಕ್ಕೆ ಬಂದಳು. ಎಲ್ಲವನ್ನೂ ಬಿಚ್ಚಿ, ಕನ್ನಡಕ ಇಡುವ ಪುಟ್ಟ ಚೀಲ ಹೊಲಿದು ಅಂಗಡಿಯ ಗಿರಾಕಿಗಳಿಗೆ ಹಂಚಿಬಿಡುವುದು. ಯಾರ ಉಪಯೋಗಕ್ಕಾದರೂ ಬರಲಿ. ಬ್ಲೇಡು ತೆಗೆದುಕೊಂಡು ಮೇಲಿದ್ದ ಹಳದಿ ಅಂಗಿಯ ಪಕ್ಕದ ಹೊಲಿಗೆ ಬಿಚ್ಚಿದಳು, ಅದರ ಜೊತೆಯ ಉಡುಗೆಯ ನೆರಿಗೆಯನ್ನೂ ಬಿಚ್ಚಿದಳು. ಎರಡನೆಯದಕ್ಕೆ ಕೈ ಬರಲಿಲ್ಲ. ಬ್ಲೇಡು ಡಬ್ಬಿಗೆ ಹಾಕಿ, ಹಳೆಯ ಅರ್ಚಕರ ಮನೆಯ ವಿಳಾಸ ಹುಡುಕಿಕೊಂಡು ಹೊರಟಳು.

ಅವರು ಮಗಳ ಮನೆಗೆ ಹೋಗುವ ತಯಾರಿಯಲ್ಲಿದ್ದರು. ಬಾಡಿಗೆಯ ಒಂದೇ ಕೋಣೆ. ಕಟ್ಟಿದ ರಟ್ಟಿನ ಡಬ್ಬಗಳ ನಡುವೆ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದರು. ಅವಳನ್ನು ಕಂಡದ್ದೇ ವಿಷಯ ತಿಳಿಯಿತು. ಸುತ್ತಿ ಬಳಸಿ ಮಾತಾಡಲಿಲ್ಲ.

"ಒಂದೂ ಉಡಿಸಲಿಲ್ಲಮ್ಮ" ಎಂದರು. "ಮೊದಲನೇದು ತಂದ್ರಲ್ಲ, ಅವತ್ತೇ ಹೇಳ್ಬೇಕಿತ್ತು. ಕವಚ ಬಂದು ನಾಲ್ಕು ದಿನ ಆಗಿತ್ತು. ನೀವು ಬಾಗಿಲಲ್ಲಿ ನಿಂತಿದ್ದ ರೀತಿ ನೋಡಿ ನಾಲಿಗೆ ಏಳಲಿಲ್ಲ. ಮುಂದಿನ ತಿಂಗಳು ಹೇಳೋಣ ಅಂದ್ಕೊಂಡೆ. ಮುಂದಿನ ತಿಂಗಳು ಇನ್ನೊಂದು ತಂದ್ರಿ. ಆಮೇಲೆ ಒಂದು ಸುಳ್ಳಿಗೆ ಇನ್ನೊಂದು ಸೇರ್ಕೊಂಡು, ಹೇಳೋ ಹಾಗೇ ಇರಲಿಲ್ಲ."

"ಸರಿಯಾದ ಅಳತೆ ಕೊಟ್ಟಿದ್ರೆ ಸಾಕಿತ್ತಲ್ಲ ಸ್ವಾಮಿ. ಹೊಸದಾಗಿ ಹೊಲೀತಿದ್ದೆ."

"ಕೊಟ್ಟಿದ್ರೆ ಹಿಂದಿನವೆಲ್ಲ ಏನಾದವು ಅಂತ ಕೇಳ್ತಿದ್ರಿ."

ಅದು ನಿಜವೇ. ಅವಳು ಕೇಳದೆ ಬಿಡುವವಳಲ್ಲ. ಅರ್ಚಕರು ಬಿಸಿನೀರಿನ ಚೀಲವನ್ನು ಇನ್ನೊಂದು ಮಂಡಿಗೆ ಬದಲಾಯಿಸಿಕೊಂಡರು.

"ಇನ್ನೊಂದು ಮಾತು ಹೇಳ್ತೀನಿ" ಎಂದರು. "ನನ್ನ ತಪ್ಪು ಮುಚ್ಚೋಕೆ ಹೇಳ್ತಿದಾನೆ ಅಂತ ತಿಳ್ಕೋಬೇಡಿ. ಮೂವತ್ತು ವರ್ಷ ಪೂಜೆ ಮಾಡಿದೀನಿ. ಬಹಳ ದಿನ ಬಾಯಿ ಮಂತ್ರ ಹೇಳ್ತಿತ್ತು, ಕಣ್ಣು ಗಡಿಯಾರ ನೋಡ್ತಿತ್ತು. ಹೆಂಡತಿ ಹೋದ ಮೇಲಂತೂ ಒಳಗೆ ಏನೂ ಉಳಿದಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯೋಕೇ ಮನಸ್ಸು ಬರ್ತಿರಲಿಲ್ಲ. ಆಗ ಆ ಬೀರು ತೆಗೆದು, ನಿಮ್ಮದೊಂದು ಜೊತೆ ತೊಡೆ ಮೇಲಿಟ್ಕೊಂಡು ಕೂತಿರ್ತಿದ್ದೆ. ಒಳಗಡೆ, ಯಾರ ಕಣ್ಣಿಗೂ ಬೀಳದ ಕಡೆ ಕೂಡ ಹೊಲಿಗೆ ಅಷ್ಟೇ ಅಚ್ಚುಕಟ್ಟು. ನೋಡ್ತಾ ನೋಡ್ತಾ, ಇವಳಿಗೆ ಅವನಿದಾನೆ ಅಂತ ಅನ್ಸೋದು. ಹಾಗಾದ್ರೆ ನನಗೂ ಇದಾನೆ ಅಂತ ಎದ್ದು ಒಳಗೆ ಹೋಗ್ತಿದ್ದೆ."

ಈ ಮಾತು ಕೇಳಿ ಕಾಜಕ್ಕನ ಕಣ್ಣು ತುಂಬಲಿಲ್ಲ, ಹೊಟ್ಟೆ ಉರಿಯಿತು. ಅವಳ ಸೇವೆ ದಾರಿಯಲ್ಲೇ ಇನ್ನೊಬ್ಬರ ಪಾಲಾಯಿತು ಎನ್ನಿಸಿತು.

"ನಾನು ನಿಮಗೋಸ್ಕರ ಹೊಲೀಲಿಲ್ಲ ಸ್ವಾಮಿ" ಎಂದಳು.

"ಗೊತ್ತಮ್ಮ. ನನಗೋಸ್ಕರ ಹೊಲಿದಿದ್ರೆ ಅದರಿಂದ ನನಗೆ ಏನೂ ಆಗ್ತಿರಲಿಲ್ಲ."

ಅವರು ಎದ್ದು ನಮಸ್ಕಾರ ಮಾಡಲು ಹೋದರು, ಮಂಡಿ ಬಿಡಲಿಲ್ಲ. ಕೂತಲ್ಲಿಂದಲೇ ಕೈ ಮುಗಿದರು. ಅವಳೂ ಮುಗಿದು ಹೊರಗೆ ಬಂದಳು. ಕ್ಷಮಿಸಿದೆ ಎಂದು ಹೇಳಲಿಲ್ಲ. ಅವರೂ ಕೇಳಿರಲಿಲ್ಲ.

ಮನೆಗೆ ಬಂದಾಗ ಗಂಡ ಬಿಚ್ಚಿದ ಹಳದಿ ಅಂಗಿಯನ್ನು ಮೇಜಿನ ಮೇಲೆ ಹರಡಿಕೊಂಡು ನೋಡುತ್ತಿದ್ದ.

"ಇದು ಯಾವ ಕಾಲದ್ದೇ?"

"ನೀವು ಎದೆನೋವು ಅಂತ ಆಸ್ಪತ್ರೇಲಿ ಮಲಗಿದ್ರಲ್ಲ, ಆ ತಿಂಗಳದ್ದು. ಹೊರಗಡೆ ಬೆಂಚಿನ ಮೇಲೆ ಕೂತು ಹೊಲಿದದ್ದು."

"ಆ ಗಲಾಟೇಲೂ ಬಿಡ್ಲಿಲ್ವಾ ನೀನು? ಆಗ ಏನು ಬೇಡ್ಕೊಂಡೆ? ನನ್ನ ಉಳಿಸು ಅಂತಾನಾ?"

ಅವಳು ಯೋಚಿಸಿದಳು. ನಿಜ ಹೇಳಬೇಕೆಂದರೆ, ಬೇಡಿಕೊಂಡಿರಲಿಲ್ಲ. ಬೇಡಿಕೊಳ್ಳಲೆಂದೇ ಬಟ್ಟೆ ತೆಗೆದುಕೊಂಡು ಕೂತಿದ್ದಳು. ಸೂಜಿಗೆ ದಾರ ಪೋಣಿಸಿದ ಮೇಲೆ ಮರೆತೇಹೋಗಿತ್ತು. ಕಂಕುಳ ಹತ್ತಿರ ತಿರುವು ಸರಿ ಬರಬೇಕು, ಅವನಿಗೆ ಒತ್ತಬಾರದು, ಇಷ್ಟೇ ತಲೆಯಲ್ಲಿತ್ತು. ಗಂಡನಿಗೆ ಹಾಗೇ ಹೇಳಿದಳು.

"ಚೆನ್ನಾಗಿದೆ. ನಾನು ಅಲ್ಲಿ ಸಾಯ್ತಾ ಇದ್ರೆ ಇವಳಿಗೆ ಅವನ ಕಂಕುಳ ಚಿಂತೆ" ಎಂದ ಅವನು. ಆದರೂ ಅವನ ದನಿಯಲ್ಲಿ ದೂರು ಇರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಕಿಟಕಿಯ ಪಕ್ಕ ಕೂತು ಹಳದಿ ಅಂಗಿಯನ್ನು ಮತ್ತೆ ಹೊಲಿಯತೊಡಗಿದಳು. ಬಿಚ್ಚಿದ್ದನ್ನು ಹಾಗೇ ಬಿಡುವುದು ಕಸುಬಿಗೆ ಅವಮಾನ, ಅದಕ್ಕಾಗಿ ಮಾತ್ರ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಈ ಅಂಗಿಯನ್ನು ಅವನು ಉಡುವುದಿಲ್ಲ. ಹಿಂದೆ ಉಟ್ಟಿರಲಿಲ್ಲ, ಮುಂದೆಯೂ ಇಲ್ಲ. ಈ ಸಲ ಅದು ಅವಳಿಗೆ ಸ್ಪಷ್ಟವಾಗಿ ಗೊತ್ತು. ಪಕ್ಕದ ಹೊಲಿಗೆ ಮುಗಿಸಿ ಕಂಕುಳ ತಿರುವಿಗೆ ಬಂದಳು. ಒತ್ತಬಾರದು ಎಂದುಕೊಂಡು ಬಟ್ಟೆಯನ್ನು ಬೆರಳಿನಿಂದ ಚೂರು ಸಡಿಲಿಸಿದಳು. ಸಡಿಲಿಸಿದ ಮೇಲೆ ತಾನು ಮಾಡಿದ್ದೇನೆಂದು ತಿಳಿಯಿತು.

ಸೂಜಿ ಹಿಡಿದ ಕೈ ಹಾಗೇ ನಿಂತಿತು. ಅವನು ಉಡುವುದಿಲ್ಲ ಎಂದು ಗೊತ್ತಿದ್ದೂ ಅವನಿಗೆ ಒತ್ತೀತೆಂದು ಅವಳು ಹೆದರಿದ್ದಳು. ಕೋಣೆಯಲ್ಲಿ ಅವನು ಎಂದಿನ ಹಾಗೇ ಇದ್ದ. ಹನ್ನೊಂದು ವರ್ಷ ಈ ಹೊತ್ತಿನಲ್ಲಿ, ಈ ಕುರ್ಚಿಯ ಮುಂದೆ, ಹೀಗೇ ಇದ್ದ. ಅವಳು ಅಳತೆ ಹಿಡಿದದ್ದು ಅವನಿಗೇ, ನೆರಿಗೆ ಹಾಕಿದ್ದು ಅವನಿಗೇ. ಇಲ್ಲಿ ಕೊಟ್ಟಾದ ಮೇಲೆ ಎರಡು ಬೀದಿ ಆಚೆ ಬೀರುವಿನಲ್ಲಿ ಇಟ್ಟರೇನು, ಮೈಮೇಲೆ ಹಾಕಿದರೇನು? ಎರಡು ವಾರ ಅವಳ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು. ಅವಳಿಗೆ ಬಹಳ ಸಂತೋಷವಾಯಿತು. ಕೆಲಸ ಬಾಕಿಯಿದ್ದುದರಿಂದ ಆ ಸಂತೋಷದಲ್ಲಿ ಹೆಚ್ಚು ಹೊತ್ತು ಕೂರಲಿಲ್ಲ. ನೆರಿಗೆ ಮಡಿಸಿ, ಅಡ್ಡಲಾಗಿ ಕಚ್ಚಾ ಹೊಲಿಗೆ ಹಾಕಿ, ದಾರ ಕಚ್ಚಿ ತುಂಡುಮಾಡಿದಳು.

ಒಲೆಯ ಮೇಲೆ ಹಾಲು ಉಕ್ಕಿತು. ಗಂಡ ಓಡಿದ.

ಅವಳು ಎರಡೂ ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತಿದಾಗ ಹೊಸ ಅರ್ಚಕರು ದೀಪದ ಬತ್ತಿ ಹೊಸೆಯುತ್ತಿದ್ದರು.

"ಕವಚದ ಮೇಲಿನಿಂದ ಅಳತೆ ಬೇಕಿತ್ತು ಸ್ವಾಮಿ" ಎಂದಳು. "ಈ ತಿಂಗಳದ್ದು ಇನ್ನೂ ಕೊಟ್ಟಿಲ್ಲ."

"ಅದಕ್ಕೇನಮ್ಮ, ನಾಳೆನೇ ತೆಗೆದಿಡ್ತೀನಿ." ಅವರ ಕಣ್ಣು ಚೀಲಗಳ ಮೇಲಿತ್ತು. "ಇದೇನು ಮತ್ತೆ?"

"ಅವನ ಬಟ್ಟೆ. ಅವತ್ತು ನನ್ನದು ಅಂದ್ಕೊಂಡು ಮನೆಗೆ ಹೊತ್ಕೊಂಡು ಹೋಗ್ಬಿಟ್ಟಿದ್ದೆ, ತಪ್ಪಾಯ್ತು. ಒಂದು ಬಿಚ್ಚಿದ್ದೆ, ಸರಿ ಮಾಡಿದೀನಿ. ನೂರ ಮೂವತ್ತೂ ಇದೆ, ನೋಡ್ಕೊಳ್ಳಿ."

"ಆದ್ರೆ ಇವು ಅವನಿಗೆ ಆಗಲ್ವಲ್ಲಮ್ಮ."

"ಆಗ್ದಿದ್ರೆ ಏನು ಸ್ವಾಮಿ, ಅವನದೇ ತಾನೇ."

ಅರ್ಚಕರು ಪಟ್ಟಿ ಮಾಡಿ ಖಾಲಿ ಮಾಡಿಸಿದ್ದ ಬೀರುವಿನ ಕಡೆ ನೋಡಿದರು, ಅವಳ ಕಡೆ ನೋಡಿದರು. ಬತ್ತಿ ಹೊಸೆಯುತ್ತಿದ್ದ ಕೈಯನ್ನು ತೊಳೆದುಕೊಂಡು ಬಂದು, ದೇವರ ಸಾಮಾನು ತೆಗೆದುಕೊಳ್ಳುವ ಹಾಗೆ ಎರಡೂ ಕೈ ಚಾಚಿ ಚೀಲಗಳನ್ನು ತೆಗೆದುಕೊಂಡರು.